ಪಠ್ಯಕ್ರಮದ ಕೊನೆಯ ಪುಟದಲ್ಲಿ ಬೆಲೆ ಏಕಿಲ್ಲ?

ಒಂದೇ ಮನೆಯ ಮೂವರು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಅಕ್ಕ 2020ರಲ್ಲಿ ಬಿ.ಎ.ಗೆ ಸೇರಿದಳು, ತಮ್ಮ 2022ರಲ್ಲಿ, ಕಿರಿಯವಳು 2024ರಲ್ಲಿ. ಕಾಲೇಜು ಒಂದೇ, ಆರಿಸಿಕೊಂಡ ವಿಷಯಗಳೂ ಅವೇ: ಇತಿಹಾಸ ಮತ್ತು ಅರ್ಥಶಾಸ್ತ್ರ. ಆದರೂ ಅಕ್ಕ ಓದಿದ್ದು ಹಳೆಯ ಮೂರು ವರ್ಷದ ಪದವಿಯ ಪಠ್ಯಕ್ರಮ. ತಮ್ಮ ಓದಿದ್ದು 2021-22ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಿಗೆ ಜಾರಿಗೆ ತಂದ ರಾಷ್ಟ್ರೀಯ ಶಿಕ್ಷಣ ನೀತಿಯ, ನಾಲ್ಕು ವರ್ಷದ ಪದವಿಯ ಪಠ್ಯಕ್ರಮ. ಕಿರಿಯವಳು ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಹೊರಟ ಸರ್ಕಾರಿ ಆದೇಶದಂತೆ, ಮೂರು ವರ್ಷದ ಪದವಿ ಮತ್ತೊಂದು ಹೊಸ ಪಠ್ಯಕ್ರಮದೊಂದಿಗೆ ಮರಳಿತ್ತು. ಅಕ್ಕನ ಪುಸ್ತಕ ತಮ್ಮನಿಗೆ ಪೂರ್ತಿ ಹೊಂದಲಿಲ್ಲ, ಇಬ್ಬರದೂ ಸೇರಿ ತಂಗಿಗೆ ಹೊಂದಲಿಲ್ಲ. ಮೂವರಿಗೂ ಮೂರು ಸಲ ಪುಸ್ತಕ ಕೊಂಡವರು ಅಪ್ಪ ಅಮ್ಮ.

ನಾಲ್ಕು ವರ್ಷದ ಪದವಿ ಸರಿಯೇ, ಮೂರು ವರ್ಷದ್ದು ಸರಿಯೇ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಅದರ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ: ಪಠ್ಯಕ್ರಮ ಬರೆಯುವವರಿಗೆ ಅದರಿಂದ ವಿದ್ಯಾರ್ಥಿಗೆ ಬೀಳುವ ಖರ್ಚಿನ ಅಂದಾಜು ಇರುತ್ತದೆಯೇ? ಬಹಳ ವರ್ಷಗಳಿಂದ ಪದವಿ ತರಗತಿಗಳಿಗೆ ಪಾಠ ಹೇಳಿರುವ, ಒಂದೆರಡು ಬಾರಿ ಪಠ್ಯಕ್ರಮ ರೂಪಿಸುವ ಸಭೆಯಲ್ಲೂ ಕುಳಿತಿರುವ ನನ್ನ ಉತ್ತರ, ಇರುವುದಿಲ್ಲ ಎಂಬುದೇ. ಇರಬೇಕಿತ್ತು, ಮತ್ತು ಇರುವಂತೆ ಮಾಡುವುದು ಕಷ್ಟದ ಕೆಲಸವಲ್ಲ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಚೌಕಟ್ಟಿನಲ್ಲಿ ಪಠ್ಯಕ್ರಮ ಸಿದ್ಧಪಡಿಸುವುದು ಆಯಾ ವಿಷಯದ ಅಧ್ಯಯನ ಮಂಡಳಿಯ ಕೆಲಸ. ಅಲ್ಲಿ ಒಪ್ಪಿಗೆಯಾದದ್ದು ನಿಕಾಯಕ್ಕೆ (ಫ್ಯಾಕಲ್ಟಿಗೆ), ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಮಂಡಳಿಗೆ ಕೊಡುವ ನಮೂನೆಯಲ್ಲಿ ಪತ್ರಿಕೆಯ (ಸೆಮಿಸ್ಟರಿನಲ್ಲಿ ಪ್ರತ್ಯೇಕವಾಗಿ ಪರೀಕ್ಷೆ ಬರೆಯುವ ಪಾಠವಿಷಯದ) ಶೀರ್ಷಿಕೆ, ಕ್ರೆಡಿಟ್, ವಾರಕ್ಕೆ ಬೋಧನಾ ಗಂಟೆ, ಘಟಕಗಳು, ಆಂತರಿಕ ಅಂಕ, ಪರೀಕ್ಷೆಯ ಅಂಕ ಎಲ್ಲಕ್ಕೂ ಅಂಕಣಗಳಿರುತ್ತವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನ ಬಂದ ಮೇಲೆ ಕಲಿಕಾ ಫಲಿತಗಳನ್ನು ಕೋಷ್ಟಕ ಹಾಕಿ ಬರೆಯುವುದೂ ಸೇರಿಕೊಂಡಿತು. ಕೊನೆಯ ಪುಟದಲ್ಲಿ ‘ಪರಾಮರ್ಶನ ಗ್ರಂಥಗಳು’ ಎಂಬ ಪಟ್ಟಿ. ಆ ಪಟ್ಟಿಯ ಪಕ್ಕದಲ್ಲಿ ಬೆಲೆಗೆ ಅಂಕಣವಿಲ್ಲ. ಪುಸ್ತಕ ಈಗ ಅಚ್ಚಿನಲ್ಲಿದೆಯೇ, ಕಾಲೇಜು ಗ್ರಂಥಾಲಯದಲ್ಲಿ ಎಷ್ಟು ಪ್ರತಿಗಳಿವೆ, ಹತ್ತು ಅಧ್ಯಾಯಗಳಲ್ಲಿ ಪರೀಕ್ಷೆಗೆ ಬೇಕಾದವು ಎಷ್ಟು ಎಂದು ಕೇಳುವ ಅಂಕಣವೂ ಇಲ್ಲ.

ನಾನು ಕುಳಿತಿದ್ದ ಒಂದು ಸಭೆ ಚೆನ್ನಾಗಿ ನೆನಪಿದೆ. ಬೆಳಗಿನಿಂದ ಊಟದವರೆಗೆ ಪತ್ರಿಕೆಗಳ ಶೀರ್ಷಿಕೆಯ ಬಗ್ಗೆ ಮಾತಾಯಿತು. ಊಟದ ನಂತರ ಘಟಕಗಳ ಹಂಚಿಕೆ. ಪುಸ್ತಕಗಳ ಪಟ್ಟಿಗೆ ಉಳಿದದ್ದು ಕೊನೆಯ ಅರ್ಧ ಗಂಟೆ, ಅಷ್ಟು ಹೊತ್ತಿಗೆ ದೂರದ ಊರಿನ ಸದಸ್ಯರು ಬಸ್ಸಿನ ವೇಳೆ ನೋಡುತ್ತಿದ್ದರು. ಹಳೆಯ ಪಟ್ಟಿಯನ್ನೇ ಇಳಿಸಿಕೊಂಡು, ಒಬ್ಬೊಬ್ಬರಿಗೆ ನೆನಪಾದ ಒಂದೆರಡು ಹೆಸರು ಸೇರಿಸಿ ಮುಗಿಸಿದೆವು. ಆ ಪಟ್ಟಿಯ ಒಂದು ಪುಸ್ತಕ ಎಷ್ಟೋ ವರ್ಷಗಳಿಂದ ಅಚ್ಚಿನಲ್ಲಿಲ್ಲ ಎಂಬುದು ನನಗೆ ತಿಳಿದದ್ದು, ವಿದ್ಯಾರ್ಥಿನಿಯೊಬ್ಬಳು ಅದಕ್ಕಾಗಿ ಜಿಲ್ಲಾ ಕೇಂದ್ರದ ಮೂರು ಅಂಗಡಿ ಅಲೆದು ಬಂದ ಮೇಲೆ. ಅದನ್ನು ಪಟ್ಟಿಗೆ ಸೇರಿಸಿದವನು ನಾನು. ಆ ಹುಡುಗಿಯ ಬಸ್ ಖರ್ಚು ಮತ್ತು ಒಂದು ದಿನ ನನ್ನ ಅಜಾಗರೂಕತೆಯಿಂದ ಹೋದವು. ಈ ಲೇಖನದ ಬೀಜ ಬಿದ್ದದ್ದು ಅಂದು.

ಖರ್ಚು ಎಷ್ಟು ಎಂದು ಕೇಳಿದರೆ ಒಂದು ಅಂದಾಜಿನ ಲೆಕ್ಕ ಹಾಕಿ ನೋಡೋಣ. ಒಂದು ಸೆಮಿಸ್ಟರಿಗೆ ಆರು ಪತ್ರಿಕೆಗಳು, ಪತ್ರಿಕೆಗೊಂದೇ ಪುಸ್ತಕ, ಪುಸ್ತಕಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ 1,800 ರೂಪಾಯಿ. ಆರು ಸೆಮಿಸ್ಟರಿಗೆ 10,800. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಆಗಿತ್ತು. ಅಂದರೆ ಒಂದು ಸೆಮಿಸ್ಟರಿನ ಪುಸ್ತಕಕ್ಕೆ ಮನೆಯಲ್ಲಿ ಒಬ್ಬರು ಹತ್ತಿರ ಹತ್ತಿರ ಐದು ದಿನ ದುಡಿಯಬೇಕು. ಸರ್ಕಾರಿ ಕಾಲೇಜಿನಲ್ಲಿ ಓದುವ ಬಹುತೇಕ ಮಕ್ಕಳು ಇಷ್ಟು ಪುಸ್ತಕ ಕೊಳ್ಳುವುದಿಲ್ಲ ಎಂಬುದು ಬೇರೆ ಮಾತು. ಕೊಳ್ಳಲಾಗದೆ ಅವರು ಕೈಹಾಕುವುದು ಗೈಡಿಗೆ. ಪರೀಕ್ಷೆಗೆ ತಿಂಗಳಿರುವಾಗ ಬಸ್ ನಿಲ್ದಾಣದ ಪಕ್ಕದ ಅಂಗಡಿಗಳಲ್ಲಿ ಸಿಗುವ, ಐದಂಕದ ಪ್ರಶ್ನೆ ಹತ್ತಂಕದ ಪ್ರಶ್ನೆ ಎಂದು ವಿಂಗಡಿಸಿದ ತೆಳುವಾದ ಪುಸ್ತಕ. ‘ಈಗಿನ ಮಕ್ಕಳು ಮೂಲ ಪುಸ್ತಕ ಓದುವುದೇ ಇಲ್ಲ’ ಎಂದು ಅಧ್ಯಾಪಕರ ಕೊಠಡಿಯಲ್ಲಿ ನಾವು ಕೊರಗುತ್ತೇವೆ. ಓದಬಹುದಾದ ಬೆಲೆಗೆ ಸಿಗುವ, ಓದಬಹುದಾದ ಕನ್ನಡದಲ್ಲಿರುವ ಒಂದು ಪುಸ್ತಕವನ್ನು ನಮ್ಮ ಪಠ್ಯಕ್ರಮ ತೋರಿಸಿದೆಯೇ ಎಂದು ಮೊದಲು ನೋಡಬೇಕು.

ಪುಸ್ತಕದ ಹೊರಗೂ ಖರ್ಚಿದೆ, ಅದು ಪಠ್ಯಕ್ರಮದ ಅಂಕ ಹಂಚಿಕೆಯೊಳಗೆ ಅಡಗಿರುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಲ್ಲಿ ನೂರಕ್ಕೆ ನಲವತ್ತು ಅಂಕ ಆಂತರಿಕ ಮೌಲ್ಯಮಾಪನಕ್ಕಿತ್ತು. ನಿರಂತರವಾಗಿ ಅಳೆಯಬೇಕು ಎಂಬ ಉದ್ದೇಶ ಒಳ್ಳೆಯದು. ಕೈಗೆ ಬಂದಾಗ ಅದು ಪ್ರತಿ ಪತ್ರಿಕೆಗೆ ಒಂದು ನಿಯೋಜಿತ ಕಾರ್ಯ, ಒಂದು ಸೆಮಿನಾರು, ಒಂದು ಕಿರು ಯೋಜನೆಯಾಯಿತು. ಪ್ರತಿಯೊಂದಕ್ಕೂ ಬೆರಳಚ್ಚು, ಬಣ್ಣದ ಮುಖಪುಟ, ಸ್ಪೈರಲ್ ಬೈಂಡಿಂಗ್. ಕೈಬರಹದ ಎಂಟು ಹಾಳೆ ಸಾಕು ಎಂದು ಪಠ್ಯಕ್ರಮದಲ್ಲಿ ಒಂದು ಸಾಲು ಬರೆದಿದ್ದರೆ ಉಳಿಯಬಹುದಾಗಿದ್ದ ಹಣ ಅದು. ಬೈಂಡಿಂಗ್ ಚೆನ್ನಾಗಿದ್ದ ವರದಿಗೆ ಎರಡು ಅಂಕ ಹೆಚ್ಚು ಬೀಳುವುದನ್ನು ನಾನು ಕಂಡಿದ್ದೇನೆ. ಅದು ವಿದ್ಯಾರ್ಥಿಯ ತಿಳಿವಳಿಕೆಗೆ ಕೊಟ್ಟ ಅಂಕವಲ್ಲ.

ವಿಜ್ಞಾನದಲ್ಲಿ ರೆಕಾರ್ಡ್ ಪುಸ್ತಕ, ಬಿಳಿ ಕೋಟು, ಗ್ರಾಫ್ ಹಾಳೆ, ಸಸ್ಯ ಮಾದರಿಗಳ ಸಂಗ್ರಹ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕ, ಗ್ರಾಫ್ ಪುಸ್ತಕ ಮತ್ತು ಪ್ರಯೋಗಾಲಯದ ಪುಸ್ತಕಗಳ ಮೇಲಿದ್ದ ಶೇ 12ರ ಜಿಎಸ್‌ಟಿ ತೆಗೆದುಹಾಕಿದ್ದಾರೆ, ಒಳ್ಳೆಯದಾಯಿತು. ಆದರೆ ತೆರಿಗೆ ಇಳಿಕೆಗಿಂತ ಪಠ್ಯಕ್ರಮದ ಒಂದು ಸಾಲು ಎಷ್ಟೋ ಹೆಚ್ಚು ಉಳಿಸಬಲ್ಲದು. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಒಂದು ಕಾಲದಲ್ಲಿ ಕತ್ತರಿ, ಚಿಮುಟ, ಚೂರಿಗಳಿದ್ದ ಛೇದನ ಪೆಟ್ಟಿಗೆಯನ್ನು ತಾವೇ ಕೊಳ್ಳಬೇಕಿತ್ತು. 2014ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಪ್ರಾಣಿಗಳ ಛೇದನವನ್ನು ಪಠ್ಯಕ್ರಮದಿಂದ ಕೈಬಿಡುವಂತೆ ಹೇಳಿತು. ಕಾರಣ ಪ್ರಾಣಿದಯೆ, ಹಣವಲ್ಲ. ಹಾಗಿದ್ದರೂ ಆ ಪೆಟ್ಟಿಗೆಯ ಖರ್ಚು ಅದರೊಂದಿಗೇ ಹೋಯಿತು.

ಹಳೆಯ ಪುಸ್ತಕಗಳ ಮಾರುಕಟ್ಟೆಗೆ ಪಠ್ಯಕ್ರಮ ಬದಲಾವಣೆ ಕೊಡುವ ಪೆಟ್ಟು ಇನ್ನೊಂದು ಬಗೆಯದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಎಂಜಿನಿಯರಿಂಗ್ ಪುಸ್ತಕ ಕೇಳಿದರೆ ಮೊದಲು ಎದುರಾಗುವ ಪ್ರಶ್ನೆ, ‘ಯಾವ ಸ್ಕೀಮ್?’ ಅಂದರೆ ಯಾವ ವರ್ಷದ ಪಠ್ಯಕ್ರಮ ಎಂದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2015, 2017, 2018, 2021, 2022 ಹೀಗೆ ಸ್ಕೀಮುಗಳು ಒಂದರ ಹಿಂದೆ ಒಂದು ಬಂದವು. ನಾಲ್ಕು ವರ್ಷದ ಕೋರ್ಸು ಮುಗಿಯುವಷ್ಟರಲ್ಲಿ ಎರಡು ಸ್ಕೀಮು ದಾಟಿರುತ್ತದೆ. ಹಿರಿಯ ವಿದ್ಯಾರ್ಥಿ ಪುಸ್ತಕ ಮಾರಿದರೆ ಅವನಿಗೆ ಅರ್ಧ ಬೆಲೆ, ಕಿರಿಯನಿಗೆ ಅರ್ಧ ಬೆಲೆಗೆ ಪುಸ್ತಕ ಎಂಬ ಹಳೆಯ ಏರ್ಪಾಡು ಇದರಿಂದ ಮುರಿಯುತ್ತದೆ. ವಿಚಿತ್ರವೆಂದರೆ ಹಲವು ಪತ್ರಿಕೆಗಳಲ್ಲಿ ವಿಷಯ ಹೆಚ್ಚು ಬದಲಾಗಿರುವುದಿಲ್ಲ. ಎರಡನೆಯ ಘಟಕ ನಾಲ್ಕನೆಯದಾಗಿರುತ್ತದೆ, ಒಂದು ಅಧ್ಯಾಯ ಬೇರೆ ಸೆಮಿಸ್ಟರಿಗೆ ಹಾರಿರುತ್ತದೆ. ಪ್ರಕಾಶಕರು ಅದೇ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿ ‘ಹೊಸ ಪಠ್ಯಕ್ರಮಕ್ಕೆ ಅನುಗುಣವಾಗಿ’ ಎಂದು ಅಚ್ಚು ಮಾಡುತ್ತಾರೆ. ಹಳೆಯ ಪುಸ್ತಕದ ಯಾವ ಅಧ್ಯಾಯ ಹೊಸ ಪಠ್ಯಕ್ರಮದ ಯಾವ ಘಟಕಕ್ಕೆ ಹೊಂದುತ್ತದೆ ಎಂದು ತೋರಿಸುವ ಒಂದು ಪುಟದ ಕೋಷ್ಟಕವನ್ನು ಅಧ್ಯಯನ ಮಂಡಳಿಯೇ ಹೊರಡಿಸಿದರೆ ಸಾವಿರಾರು ಹಳೆಯ ಪುಸ್ತಕಗಳಿಗೆ ಮರುಜೀವ ಬರುತ್ತದೆ. ಈ ಕೆಲಸಕ್ಕೆ ವಿಷಯ ತಜ್ಞರೊಬ್ಬರ ಒಂದು ಸಂಜೆ ಸಾಕು.

ಎಲ್ಲ ಬದಲಾವಣೆಯೂ ಅನಗತ್ಯವೆಂದು ನಾನು ಹೇಳುತ್ತಿಲ್ಲ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಾಗ ಕಾನೂನು ವಿದ್ಯಾರ್ಥಿ ಹೊಸ ಪುಸ್ತಕ ಕೊಳ್ಳದೆ ವಿಧಿಯಿರಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಗೆ ಬದಲಾಗಿ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಎಂದಾಗ ಬಿ.ಕಾಂ. ವಿದ್ಯಾರ್ಥಿಗಳಿಗೂ ಅದೇ ಗತಿ. ಇಂಥ ಕಡೆ ಖರ್ಚು ತಪ್ಪದು. ಅದಕ್ಕಾಗಿಯೇ ತಪ್ಪಿಸಬಹುದಾದ ಕಡೆ ತಪ್ಪಿಸಬೇಕು ಎನ್ನುತ್ತೇನೆ.

ಈ ವಿಷಯದಲ್ಲಿ ನಾವು ಕಲಿಯಬೇಕಾದ ದೊಡ್ಡ ಪಾಠ ದೆಹಲಿಯಿಂದ ಬಂದಿದೆ. ಅದನ್ನು ಕರ್ನಾಟಕದ ಅಧ್ಯಾಪಕರು ಹೆಚ್ಚಾಗಿ ಗಮನಿಸಿಲ್ಲ ಎಂಬ ಬೇಸರ ನನಗಿದೆ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮುದ್ರಣಾಲಯಗಳು ಮತ್ತು ಟೇಲರ್ ಆ್ಯಂಡ್ ಫ್ರಾನ್ಸಿಸ್ ಸೇರಿ ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಎಂಬ ಜೆರಾಕ್ಸ್ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ಮೊಕದ್ದಮೆ ಹೂಡಿದವು. ಅಧ್ಯಾಪಕರು ಪಠ್ಯಕ್ರಮದಲ್ಲಿ ಸೂಚಿಸಿದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ನಕಲು ಮಾಡಿ, ಒಟ್ಟಿಗೆ ಕಟ್ಟಿ, ಆ ಅಂಗಡಿ ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. ಕೃತಿಸ್ವಾಮ್ಯ ಭಂಗ ಎಂಬುದು ಪ್ರಕಾಶಕರ ದೂರು. ಆಕ್ಸ್‌ಫರ್ಡಿನ ಲೇಖಕರೇ ಆದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು, ಕಾನೂನಿನ ಪೂರ್ತಿ ಬಲ ಬಳಸಿ ಇಂಥ ಸಂಕಲನಗಳನ್ನು ತಡೆಯಬೇಡಿ ಎಂದು ಪ್ರಕಾಶಕರನ್ನು ಕೇಳಿಕೊಂಡರು.

2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟ್ ಮೊಕದ್ದಮೆಯನ್ನು ವಜಾ ಮಾಡಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಐ) ಕಲಮಿನ ಪ್ರಕಾರ ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕ ಅಥವಾ ವಿದ್ಯಾರ್ಥಿ ಮಾಡಿಕೊಳ್ಳುವ ನಕಲು ಉಲ್ಲಂಘನೆಯಲ್ಲ. ‘ಬೋಧನೆ’ ಎಂದರೆ ತರಗತಿಯ ನಾಲ್ಕು ಗೋಡೆಗಳ ನಡುವಿನ ಒಂದು ಗಂಟೆಗೆ ಮುಗಿಯುವುದಿಲ್ಲ, ಪಾಠದ ಸಿದ್ಧತೆಯಿಂದ ಪರೀಕ್ಷೆಯವರೆಗೆ ಚಾಚಿರುತ್ತದೆ ಎಂಬ ಅರ್ಥದ ವಿವರಣೆಯನ್ನು ನ್ಯಾಯಾಲಯ ನೀಡಿತು. ಅದೇ ವರ್ಷದ ಡಿಸೆಂಬರ್ 9ರಂದು ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಈ ತತ್ವವನ್ನು ಒಪ್ಪಿ, ನಕಲು ಮಾಡಿದ ಭಾಗಗಳು ಬೋಧನೆಯ ಉದ್ದೇಶಕ್ಕೆ ಅಗತ್ಯವಿದ್ದವೇ ಎಂಬಂಥ ಪ್ರಶ್ನೆಗಳನ್ನಷ್ಟೇ ವಿಚಾರಣೆಗೆ ಮರಳಿಸಿತು. 2017ರ ಮಾರ್ಚಿನಲ್ಲಿ ಪ್ರಕಾಶಕರು ಮೊಕದ್ದಮೆಯನ್ನು ಕೈಬಿಟ್ಟರು.

ತೀರ್ಪಿನ ಸುದ್ದಿ ಬಂದಾಗ ‘ಜೆರಾಕ್ಸ್ ಮಾಡಬಹುದಂತೆ’ ಎಂಬಷ್ಟೇ ನಮ್ಮ ಕಡೆ ಉಳಿಯಿತು. ಅದರ ತಿರುಳು ಬೇರೆಯೇ. ಅಲ್ಲಿ ಅಂಗಡಿಯನ್ನೂ ವಿದ್ಯಾರ್ಥಿಗಳನ್ನೂ ಕಾಪಾಡಿದ್ದು ಪಠ್ಯಕ್ರಮವೇ. ಅಧ್ಯಾಪಕರು ಕುಳಿತು, ಈ ಪುಸ್ತಕದ ಮೂರನೆಯ ಅಧ್ಯಾಯ, ಆ ಪುಸ್ತಕದ ಇಂತಿಷ್ಟು ಪುಟ ಎಂದು ಗುರುತಿಸಿ ಬರೆದಿದ್ದರು. ಆದ್ದರಿಂದ ನಕಲು ಬೋಧನೆಯ ಭಾಗವೆಂದು ತೋರಿಸುವುದು ಸಾಧ್ಯವಾಯಿತು. ನಮ್ಮ ಪಠ್ಯಕ್ರಮಗಳಲ್ಲಿ ಹತ್ತು ಪುಸ್ತಕಗಳ ಹೆಸರು ಸಾಲಾಗಿ ಇರುತ್ತದೆಯೇ ಹೊರತು ಯಾವುದರಲ್ಲಿ ಏನು ಓದಬೇಕು ಎಂಬ ಸುಳಿವು ಇರುವುದಿಲ್ಲ. ಹಾಗಾಗಿ ವಿದ್ಯಾರ್ಥಿ ಒಂದೋ ಇಡೀ ಪುಸ್ತಕ ಕೊಳ್ಳಬೇಕು, ಇಲ್ಲವೇ ಇಡೀ ಪುಸ್ತಕ ಜೆರಾಕ್ಸ್ ಮಾಡಿಸಬೇಕು, ಇಲ್ಲವೇ ಎರಡನ್ನೂ ಬಿಟ್ಟು ಗೈಡು ಹಿಡಿಯಬೇಕು. ಅಧ್ಯಾಯ ಮತ್ತು ಪುಟ ಸಂಖ್ಯೆ ಬರೆದ ಪಠ್ಯಕ್ರಮ ಕೈಯಲ್ಲಿದ್ದರೆ ಅರವತ್ತೋ ಎಂಬತ್ತೋ ಪುಟದಲ್ಲಿ ಒಂದು ಪತ್ರಿಕೆಯ ಓದು ಮುಗಿಯುತ್ತದೆ. ಇಡೀ ಪುಸ್ತಕವನ್ನೇ ನಕಲು ಮಾಡಿ ಮಾರುವುದನ್ನು ನಾನು ಸಮರ್ಥಿಸುವುದಿಲ್ಲ. ಕನ್ನಡದ ಸಣ್ಣ ಪ್ರಕಾಶಕನಿಗೂ ಲೇಖಕನಿಗೂ ಅದು ಅನ್ಯಾಯ. ಬೇಕಾದ ಭಾಗವನ್ನು ನಾವು ಗುರುತಿಸಿಕೊಟ್ಟರೆ ಆ ಅನ್ಯಾಯವೂ ಕಡಿಮೆಯಾಗುತ್ತದೆ.

ಉಚಿತವಾಗಿ ಎಲ್ಲವೂ ಅಂತರಜಾಲದಲ್ಲಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಯಾರಿಗೆ ಏನು ಎಂದು ನೋಡಬೇಕು. ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳು ತೆರೆದುಕೊಳ್ಳುತ್ತವೆ. ಸಂಶೋಧಕರಿಗೆ ಇದು ದೊಡ್ಡ ವರ. ಮೊದಲ ವರ್ಷದ ಬಿ.ಎ. ವಿದ್ಯಾರ್ಥಿನಿಗೆ ಬೇಕಾದದ್ದು ಸಂಶೋಧನಾ ಪ್ರಬಂಧವಲ್ಲ, ತನ್ನ ಭಾಷೆಯಲ್ಲಿ ಸರಳವಾಗಿ ಬರೆದ ಪಠ್ಯಪುಸ್ತಕ. ಭಾರತೀಯ ಭಾಷೆಗಳಲ್ಲಿ ಐದು ವರ್ಷದಲ್ಲಿ 22,000 ಪುಸ್ತಕಗಳನ್ನು ತರುವ ಗುರಿಯ ‘ಅಸ್ಮಿತಾ’ ಯೋಜನೆ 2024ರ ಜುಲೈನಲ್ಲಿ ಆರಂಭವಾಯಿತು. ಅದರಲ್ಲಿ ಕನ್ನಡದ ಪಾಲಿಗೆ ಸಾವಿರ ಪುಸ್ತಕ ಬರಬೇಕು, ಅವು ಬಂದ ದಿನ ನಾನು ಹಬ್ಬ ಮಾಡುತ್ತೇನೆ.

ಸದ್ಯಕ್ಕೆ ಕೈಗೆ ಎಟುಕುವ ಮೂಲಗಳು ಇನ್ನೂ ಹತ್ತಿರದಲ್ಲಿವೆ. ಮೈಸೂರಿನಲ್ಲಿ 1996ರಿಂದ ಇರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಿಗಾಗಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಕನ್ನಡದ ಕಲಿಕಾ ಸಾಮಗ್ರಿ ಸಿದ್ಧಪಡಿಸಿದೆ. ಸಾಮಾನ್ಯ ಕಾಲೇಜುಗಳ ಮಕ್ಕಳೂ ಪರಿಚಿತರಿಂದ ಆ ಪುಸ್ತಕಗಳನ್ನು ಎರವಲು ತಂದು ಓದುತ್ತಾರೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪಾಠಗಳು ‘ಇ-ಜ್ಞಾನಕೋಶ’ದಲ್ಲಿ ಉಚಿತ. ಅನುದಾನಿತ ಮತ್ತು ಸರ್ಕಾರಿ ಕಾಲೇಜುಗಳಿಗೆ ಸಣ್ಣ ಚಂದಾದಲ್ಲಿ ಸಾವಿರಾರು ಇ-ಪುಸ್ತಕ ಕೊಡುವ ‘ಎನ್-ಲಿಸ್ಟ್’ ಇದೆ. ಆದರೆ ಅದರ ಪ್ರವೇಶಪದವನ್ನು (ಪಾಸ್‌ವರ್ಡ್) ವಿದ್ಯಾರ್ಥಿಗಳಿಗೆ ಕೊಡಿಸಬೇಕಾದವರು ಗ್ರಂಥಪಾಲಕರು, ಆ ಹುದ್ದೆ ಖಾಲಿಯಿದ್ದರೆ ಚಂದಾ ಕಟ್ಟಿಯೂ ಬೀಗ ಹಾಕಿದಂತೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ಪುಸ್ತಕ ಬ್ಯಾಂಕಿಗೆ ಯಾವ ಪುಸ್ತಕ ಕೊಳ್ಳಬೇಕು ಎಂಬುದೂ ಪಠ್ಯಕ್ರಮದ ಕೊನೆಯ ಪುಟವನ್ನೇ ಅವಲಂಬಿಸಿದೆ. ಪಟ್ಟಿ ತಡವಾದರೆ ಖರೀದಿ ತಡ, ಖರೀದಿ ತಡವಾದರೆ ಪುಸ್ತಕ ಬರುವಷ್ಟರಲ್ಲಿ ಪರೀಕ್ಷೆ.

ಕನ್ನಡ ಭಾಷಾ ಪಠ್ಯದ ಮಾತನ್ನು ಇಲ್ಲಿ ಹೇಳಲೇಬೇಕು. ವಿಶ್ವವಿದ್ಯಾಲಯಗಳ ಪ್ರಕಟಣಾ ವಿಭಾಗಗಳಾದ ಪ್ರಸಾರಾಂಗಗಳ ಕೆಲಸಗಳಲ್ಲಿ ಒಂದು, ಕಡಿಮೆ ಬೆಲೆಗೆ ಒಳ್ಳೆಯ ಪುಸ್ತಕವನ್ನು ಜನರ ಕೈಗಿಡುವುದು. ಮೈಸೂರು, ಧಾರವಾಡಗಳ ಪ್ರಸಾರಾಂಗದ ಪುಸ್ತಕಗಳನ್ನು ಓದಿ ಬೆಳೆದ ತಲೆಮಾರು ನಮ್ಮದು. ಭಾಷಾ ಪಠ್ಯಗಳನ್ನು ಅಚ್ಚು ಮಾಡುವ ಹೊಣೆ ಅವುಗಳ ಮೇಲಿರುವಾಗ ಪುಸ್ತಕದ ಬೆಲೆ ಹಿಡಿತದಲ್ಲಿರುತ್ತದೆ. ತೊಡಕಿರುವುದು ಕಾಲದಲ್ಲಿ. ಪಠ್ಯ ಆಯ್ಕೆ, ಲೇಖಕರ ಅನುಮತಿ, ಕರಡು ತಿದ್ದುವಿಕೆ, ಮುದ್ರಣದ ಟೆಂಡರು ಇವೆಲ್ಲ ಮುಗಿಯುವಷ್ಟರಲ್ಲಿ ಸೆಮಿಸ್ಟರಿನ ಅರ್ಧ ಕಳೆದಿರುತ್ತದೆ. ನನ್ನ ಕಾಲೇಜಿನಲ್ಲಿ ಒಂದು ವರ್ಷ ಹತ್ತು ವಾರ ಪುಸ್ತಕವಿಲ್ಲದೆ, ಮೊಬೈಲಿನಲ್ಲಿ ಬಂದ ಫೋಟೋ ನೋಡಿಕೊಂಡು ಪದ್ಯ ಪಾಠ ಮಾಡಿದೆವು. ಮಕ್ಕಳು ಆ ಫೋಟೋಗಳನ್ನು ಅಚ್ಚು ಹಾಕಿಸಿಕೊಂಡರು. ಕೊನೆಗೆ ಪುಸ್ತಕ ಬಂದಾಗ ಅದನ್ನೂ ಕೊಂಡರು. ಒಂದೇ ಪಠ್ಯಕ್ಕೆ ಎರಡು ಸಲ ಹಣ. ತರಗತಿ ಆರಂಭವಾಗುವ ನಾಲ್ಕು ತಿಂಗಳ ಮೊದಲು ಪಠ್ಯ ಅಂತಿಮವಾಗದಿದ್ದರೆ ಹಿಂದಿನ ವರ್ಷದ್ದೇ ಮುಂದುವರಿಯುತ್ತದೆ ಎಂಬ ನಿಯಮ ಮಾಡಿದರೆ ಇದು ನಿಲ್ಲುತ್ತದೆ.

ಬೆಲೆಯನ್ನು ಪಠ್ಯಕ್ರಮದೊಂದಿಗೇ ಪ್ರಕಟಿಸುವುದು ಲೋಕದಲ್ಲಿ ಎಲ್ಲೂ ಇಲ್ಲದ ಕಲ್ಪನೆಯೇನಲ್ಲ. ಅಮೆರಿಕದ 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ, ಸಾಧ್ಯವಿರುವ ಮಟ್ಟಿಗೆ ಪ್ರತಿ ಕೋರ್ಸಿನ ಪುಸ್ತಕಗಳನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ಮತ್ತು ಚಿಲ್ಲರೆ ಬೆಲೆಯನ್ನು ನೋಂದಣಿಯ ವೇಳಾಪಟ್ಟಿಯಲ್ಲೇ ತಿಳಿಸಬೇಕು ಎಂದು ಕಾಲೇಜುಗಳಿಗೆ ಹೇಳಿತು. 2010ರ ಜುಲೈನಿಂದ ಅದು ಜಾರಿಯಲ್ಲಿದೆ. ಅಲ್ಲಿನ ಪುಸ್ತಕದ ಬೆಲೆಯನ್ನು ಅದು ಇಳಿಸಿತು ಎಂದು ನಾನು ಹೇಳಲಾರೆ. ಆದರೆ ಬೆಲೆ ಕಣ್ಣಿಗೆ ಬಿದ್ದರೆ ಪಟ್ಟಿ ಬರೆಯುವ ಕೈ ಒಂದು ಕ್ಷಣ ತಡೆಯುತ್ತದೆ, ಇದೇ ವಿಷಯಕ್ಕೆ ಇನ್ನೊಂದು ಪುಸ್ತಕವಿಲ್ಲವೇ ಎಂದು ಯೋಚಿಸುತ್ತದೆ. ನನಗೆ ಬೇಕಾದದ್ದು ಆ ಕ್ಷಣ.

ಆದೇಶಕ್ಕೆ ಕಾಯದೆ ಅಧ್ಯಾಪಕರು ಮಾಡಬಹುದಾದದ್ದು ಸಾಕಷ್ಟಿದೆ. ವಿಶ್ವವಿದ್ಯಾಲಯದ ಪಠ್ಯಕ್ರಮ ಬದಲಿಸುವ ಅಧಿಕಾರ ನಮಗಿಲ್ಲ, ನಮ್ಮ ಪಾಠಯೋಜನೆ ನಮ್ಮ ಕೈಯಲ್ಲಿದೆ. ಹದಿನಾರು ವಾರಗಳಿಗೆ ಹಂಚಿ ಬರೆಯುವ ಆ ಯೋಜನೆಯನ್ನು ಹೆಚ್ಚಿನವರು ಕಾರ್ಯ ದಿನಚರಿಯಲ್ಲಿ ತುಂಬಿಸಿ ಪ್ರಾಂಶುಪಾಲರ ಸಹಿ ಪಡೆದು ಮುಚ್ಚಿಡುತ್ತಾರೆ. ಅದು ವಿದ್ಯಾರ್ಥಿಯ ಕೈಯಲ್ಲಿರಬೇಕಾದ ಕಾಗದ. ಎರಡು ವರ್ಷದಿಂದ ನಾನು ಮೊದಲ ತರಗತಿಯಲ್ಲೇ ಅದನ್ನು ಒಂದು ಹಾಳೆಯಾಗಿ ಕೊಡುತ್ತಿದ್ದೇನೆ. ವಾರಕ್ಕೆ ಎದುರಾಗಿ ಓದಬೇಕಾದ ಅಧ್ಯಾಯ ಮತ್ತು ಪುಟ, ಅದು ನಮ್ಮ ಗ್ರಂಥಾಲಯದಲ್ಲಿದೆಯೇ, ಮುಕ್ತ ವಿಶ್ವವಿದ್ಯಾಲಯದ ಪುಸ್ತಕದಲ್ಲಿದೆಯೇ, ಜೆರಾಕ್ಸ್ ಬೇಕೇ ಎಂಬ ಗುರುತು. ಒಂದು ಪುಸ್ತಕ ಮಾತ್ರ ಕೊಳ್ಳಲೇಬೇಕಾದದ್ದು, ಹಳೆಯ ಮುದ್ರಣವಾದರೂ ನಡೆಯುತ್ತದೆ ಎಂಬ ಟಿಪ್ಪಣಿಯೊಂದಿಗೆ. ನಿಯೋಜಿತ ಕಾರ್ಯ ಕೈಬರಹದಲ್ಲಿ, ಬೈಂಡಿಂಗ್ ಬೇಡ. ಕೆಳಗೆ ಒಟ್ಟು ಖರ್ಚು. ಈ ಹಾಳೆ ಸಿದ್ಧಪಡಿಸಲು ನನಗೆ ಒಂದು ಭಾನುವಾರ ಹಿಡಿಯಿತು. ಒಂದೇ ಸೆಮಿಸ್ಟರಿನಲ್ಲಿ ಎರಡು ಮೂರು ಕಾಲೇಜಿಗೆ ಓಡಾಡುವ ಅತಿಥಿ ಉಪನ್ಯಾಸಕರಿಗೆ ಆ ಭಾನುವಾರವೂ ಸಿಗುವುದಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಇದನ್ನು ವಿಭಾಗದವರು ಹಂಚಿಕೊಂಡು ಮಾಡಿ, ಪಕ್ಕದ ಕಾಲೇಜಿನವರಿಗೂ ಕೊಡಬೇಕು.

ಈ ವರ್ಷ ನನ್ನ ಪತ್ರಿಕೆಯ ಹಾಳೆಯ ಕೆಳಗೆ ಬರೆದ ಮೊತ್ತ 240 ರೂಪಾಯಿ. ಹಾಳೆ ಹಂಚಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಉಳಿದ ಐದು ಪತ್ರಿಕೆಗಳಿಗೆ ಎಷ್ಟಾಗುತ್ತದೆ? ಊರಿಗೆ ಹೋದಾಗ ಮನೆಯಲ್ಲಿ ಒಟ್ಟಿಗೆ ಹೇಳಬೇಕು’ ಎಂದು ಕೇಳಿದ. ತರಗತಿ ಮುಗಿಸಿ ಅಧ್ಯಾಪಕರ ಕೊಠಡಿಗೆ ಹೋಗಿ ಐವರು ಸಹೋದ್ಯೋಗಿಗಳಿಗೂ ಅದೇ ಪ್ರಶ್ನೆ ಕೇಳಿದೆ. ಇಬ್ಬರು ಅಂದೇ ಕುಳಿತು ಲೆಕ್ಕ ಹಾಕಿದರು. ಮೂವರ ಲೆಕ್ಕಕ್ಕೆ ಇನ್ನೂ ಕಾಯುತ್ತಿದ್ದೇನೆ.